ಗ್ರಹಣಕ್ಕೊಂದು ಕೊಸರು

ಗ್ರಹಣದ ದಿನ ಕತ್ತಲೆ ಕೋಣೇಲಿ ಚಾಪೆ ಮೇಲೆ ಕೂತುಕೊಂಡೇ ನಾನೊಂದು ವಿಜ್ಞಾನದ ಕೆಲಸ ಮಾಡಿದ್ದೀನಿ ಅಂದರೆ ನನ್ನ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತವೆ. ನಗಲಿ, ನಗೋ ವಯಸ್ಸು. ಅವಕ್ಕೆ ಕೊಡಿಗೇಹಳ್ಳಿ ಅಂದರೆ ಏರ್‌ಪೋರ್ಟ್ ರೋಡು, ಸಿಗ್ನಲ್ಲು, ಹಾರನ್ನು. ಐವತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದಾಗ ಅಲ್ಲಿ ಇದ್ದದ್ದು ರಾಗಿ ಹೊಲ, ದ್ರಾಕ್ಷಿ ತೋಟ, ರೈಲು ಕಂಬಿ, ಊರ ಬಾಗಿಲಲ್ಲಿ ಒಂದು ಹಿಟ್ಟಿನ ಮಿಷನ್. ಆ ಮಿಷನ್ ನಮ್ಮದು. ಅದರ ಯಜಮಾನಿ ನಮ್ಮತ್ತೆ.

ನಮ್ಮತ್ತೆ ವಿಚಾರ ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುಂದಿನದು ತಲೆಬುಡ ತಿಳಿಯಲ್ಲ. ಮಾವ ತೀರಿಕೊಂಡ ಮೇಲೆ, ಹೆಂಗಸು ಮಿಷನ್ ನಡೆಸ್ತಾಳಾ ಅಂತ ಊರೆಲ್ಲ ಮೂಗು ಮುರಿದಿತ್ತಂತೆ. ಅದೇ ಊರು ಆಮೇಲೆ ಅವರ ಮುಂದೆ ರಾಗಿ ಕುಕ್ಕೆ ಹೊತ್ತು ಸಾಲಾಗಿ ನಿಲ್ಲುತ್ತಿತ್ತು. ಬೆಲ್ಟು ಜಾರಿದರೆ ಸೆರಗನ್ನ ಸೊಂಟಕ್ಕೆ ಸಿಕ್ಕಿಸಿ ತಾವೇ ಏರಿಸೋರು. ಬೀಸಿಕೊಡೋದರ ಜೊತೆಗೆ ಹಿಟ್ಟೂ ಮಾರುತ್ತಿದ್ದರು. ಸೇರಿನಲ್ಲಿ ಅಳೆದು, ಮೇಲೆ ಕೈಯಿಂದ ಸವರಿ, ಮಟ್ಟಸ ಮಾಡಿ ಸುರಿಯೋರು. ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕೋದು ಎಲ್ಲ ಕಡೆ ವಾಡಿಕೆ. ಸೊಪ್ಪಿನವಳು ಹಾಕ್ತಾಳೆ, ಹಾಲಿನವನು ಹಾಕ್ತಾನೆ. ನಮ್ಮತ್ತೆ ಮಾತ್ರ ಹಾಕುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ನನ್ ಅಳತೆ ಸರ್ಯಾಗೈತೆ. ಅಳತೇಲಿ ಮೋಸ ಮಾಡೋರು ಕೊಸ್ರು ಆಕ್ತಾರೆ, ನಾನ್ಯಾಕೆ ಆಕ್ಲಿ?" ಅನ್ನೋರು. ಕೇಳಿದವರು ಬಾಯಿ ಮುಚ್ಚಿಕೊಂಡು ಹೋಗೋರು.

ಅಂಥ ತಾಯಿಗೆ ಒಬ್ಬನೇ ಮಗ, ನಮ್ಮ ಮನೆಯವರು. ಮಿಷನ್ನಿನ ಗದ್ದಲದಲ್ಲಿ ಹುಟ್ಟಿ ಬೆಳೆದವರು, ಆದರೆ ಮನಸ್ಸೆಲ್ಲ ರೇಡಿಯೋ ಮೇಲೆ. ಪೇಟೆಗೆ ಹೋಗಿ ರೇಡಿಯೋ ಕೆಲಸ ಕಲಿತು ಡಿಪ್ಲೊಮಾ ಮಾಡಿಕೊಂಡು ಬಂದಿದ್ದರು. ಅದೇ ಹೊತ್ತಿಗೆ ನಗರದ ಒಂದು ವಿಜ್ಞಾನ ಸಂಸ್ಥೆಯವರು ನಮ್ಮೂರ ಕೆರೆ ಏರಿ ಕೆಳಗಿನ ಬಯಲಲ್ಲಿ ಸರ್ವೆ ಮರದ ಕಂಬ ನೆಟ್ಟು, ತಂತಿ ಎಳೆದು, ತಗಡಿನ ಶೆಡ್ಡು ಹಾಕಿದರು. ಇವರಿಗೆ ಅಲ್ಲೇ ಕೆಲಸ ಸಿಕ್ಕಿತು. ಹೆಬ್ಬಾಳ ಯಲಹಂಕ ಎರಡೂ ಬಿಟ್ಟು ಆಕಾಶದ ಕೆಲಸ ನಮ್ಮೂರಿಗೇ ಬಂದಿದೆ ಅಂತ ಇವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅದರ ಹೆಸರು ರೇಡಿಯೋ ದೂರದರ್ಶಕ. ನಾನು ಯಶವಂತಪುರದ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು, ನಾಲ್ಕಕ್ಷರ ಓದಿದವಳು ಅನ್ನೋ ಜಂಬ ಬೇರೆ. ದೂರದರ್ಶಕ ಅಂದ ಮೇಲೆ ಕಣ್ಣಿಟ್ಟು ನೋಡೋ ಕೊಳವೆ ಇರಬೇಕಲ್ಲ ಅಂತ ಮೊದಲ ಸಲ ಬುತ್ತಿ ತಗೊಂಡು ಹೋದಾಗ ಶೆಡ್ಡೆಲ್ಲ ಹುಡುಕಿದೆ. ಎಲ್ಲಿದೆ ಕೊಳವೆ! ಹೊರಗೆ ಬಟ್ಟೆ ಒಣಹಾಕೋ ಹಾಗೆ ಸಾಲು ಸಾಲು ತಂತಿ. ಒಳಗೆ ದೊಡ್ಡದೊಂದು ಪೆಟ್ಟಿಗೆ, ಅದರ ಮುಂದೆ ಮೆಲ್ಲಗೆ ಉರುಳೋ ಕಾಗದ, ಕಾಗದದ ಮೇಲೆ ತನ್ನಷ್ಟಕ್ಕೆ ಗೆರೆ ಎಳೆಯೋ ಒಂದು ಪೆನ್ನು.

"ಸೂರ್ಯನಿಂದ ಬೆಳಕು ಬರುತ್ತಲ್ಲ, ಹಾಗೇ ರೇಡಿಯೋ ಅಲೆನೂ ಬರುತ್ತೆ ಕಣೇ. ಕಣ್ಣಿಗೆ ಕಾಣಲ್ಲ, ತಂತಿಗೆ ತಿಳಿಯುತ್ತೆ. ಜಾಸ್ತಿ ಬಂದ್ರೆ ಪೆನ್ನು ಮೇಲೇರುತ್ತೆ, ಕಮ್ಮಿಯಾದ್ರೆ ಇಳಿಯುತ್ತೆ," ಅಂದರು ಇವರು. ಹೇಳುವಾಗ ಮುಖ ನೋಡಬೇಕಿತ್ತು. ಮದುವೆ ಮಂಟಪದಲ್ಲೂ ಅಷ್ಟು ಬೆಳಗಿರಲಿಲ್ಲ ಆ ಮುಖ.

ಅಲ್ಲಿನ ಮುಖ್ಯಸ್ಥರನ್ನ ಎಲ್ಲರೂ ಡಾಕ್ಟ್ರು ಅನ್ನೋರು. ಓದಿನ ಡಾಕ್ಟ್ರು, ಸೂಜಿ ಚುಚ್ಚೋ ಡಾಕ್ಟ್ರಲ್ಲ. ಊರಿನವಳೊಬ್ಬಳು ಮಗುಗೆ ಕೆಮ್ಮು ಅಂತ ಅವರ ಹತ್ತಿರ ಎತ್ತಿಕೊಂಡು ಹೋಗಿದ್ದಳು. ಪಾಪ, ಇಲ್ಲ ಅನ್ನಲಾರದೆ ಒಂದು ಪೆಪ್ಪರ್‌ಮಿಂಟ್ ಕೊಟ್ಟು ಕಳಿಸಿದರು. ಕೆಮ್ಮು ವಾಸಿಯಾಯಿತು ಅಂತ ಆಮೇಲೆ ಇನ್ನೂ ನಾಲ್ಕು ಜನ ಹೋದರು ಅನ್ನಿ.

ಈಗ ಜಗಳದ ವಿಷಯಕ್ಕೆ ಬರ್ತೀನಿ. ನಮ್ಮ ಮಿಷನ್ನಿಗೂ ಆ ತಂತಿಗೂ ಎಣ್ಣೆ ಸೀಗೇಕಾಯಿ. ಮಿಷನ್ನಿನ ಮೋಟಾರು ತಿರುಗುವಾಗ ಒಳಗೆ ಕಿಡಿ ಹಾರುತ್ತಲ್ಲ, ಆ ಕಿಡಿಯೂ ರೇಡಿಯೋಗೆ ಗೊರಗೊರ ಅಂತ ಕೇಳಿಸುತ್ತೆ. ಅತ್ತೆ ಸ್ವಿಚ್ಚು ಹಾಕಿದರೆ ಸಾಕು, ಶೆಡ್ಡಿನೊಳಗಿನ ಪೆನ್ನಿಗೆ ಹುಚ್ಚು ಹಿಡಿದು ಕಾಗದದ ಮೇಲೆ ಮುಳ್ಳಿನ ಪೊದೆ ಬರೆಯುತ್ತಿತ್ತು. ಅದರೊಳಗೆ ಸೂರ್ಯ ಯಾವುದು, ರಾಗಿ ಯಾವುದು, ಆ ದೇವರಿಗೇ ಗೊತ್ತು. ಡಾಕ್ಟ್ರು ಒಂದು ದಿನ ಮನೆಗೇ ಬಂದು, ಬೆಳಿಗ್ಗೆ ಹೊತ್ತು ಸ್ವಲ್ಪ ಮಿಷನ್ ನಿಲ್ಲಿಸಿದರೆ ಉಪಕಾರ ಆಗುತ್ತೆ ಅಂತ ಕೈ ಮುಗಿದು ಕೇಳಿದರು. ಬೆಳಿಗ್ಗೆ ಹೊತ್ತೇ ಬೀಸಿಸೋಕೆ ಜನ ಬರೋದು. ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟು, "ಸೂರ್ಯಪ್ಪ ದಿನಾ ಉಟ್ತಾನೆ ಸ್ವಾಮಿ, ಇವತ್ತಲ್ಲದಿದ್ರೆ ನಾಳೆ ಕೇಳಿ. ನನ್ ಗಿರಾಕಿ ಇವತ್ತು ಯಲಾಂಕಕ್ಕೆ ಓದ್ರೆ ನಾಳೆ ಬರಾಕಿಲ್ಲ," ಅಂದರು. ಮಜ್ಜಿಗೆ ಕುಡಿದು ಅವರು ಎದ್ದು ಹೋದರು. ಅವತ್ತು ರಾತ್ರಿ ತಾಯಿ ಮಗ ಮಾತಾಡಲಿಲ್ಲ.

ಮಗ ಮಾಡೋದನ್ನ ಅತ್ತೆ ಕೆಲಸ ಅಂತ ಒಂದು ದಿನವೂ ಕರೆದವರಲ್ಲ. "ತಂತಿ ಕಾಯಾಕೆ ಓಗವ್ನೆ" ಅನ್ನೋರು, ದನ ಕಾಯೋಕೆ ಹೋಗಿದ್ದಾನೆ ಅನ್ನೋ ಹಾಗೆ. ಇವರು ನುಂಗಿಕೊಳ್ಳುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಹೀಗೇ ಒಂದು ವರ್ಷದ ಮೇಲಾಯಿತು. ಸಂಸ್ಥೆಯ ದೊಡ್ಡವರಿಗೆ ತಾಳ್ಮೆ ಮುಗಿಯಿತು. ಯುಗಾದಿ ಕಳೆದ ಮೇಲಿನ ಅಮಾವಾಸ್ಯೆಗೆ ಬೆಳಿಗ್ಗೆ ಸೂರ್ಯಗ್ರಹಣ ಇತ್ತು. ಚಂದ್ರ ಅಡ್ಡ ಬಂದು ಸೂರ್ಯನ ಒಂದೊಂದೇ ಭಾಗ ಮುಚ್ಚುತ್ತಾ ಹೋದಾಗ ಪೆನ್ನು ಎಲ್ಲಿ ಇಳಿಯುತ್ತೆ ಅಂತ ನೋಡಿದರೆ, ಅಲೆ ಸೂರ್ಯನ ಯಾವ ಜಾಗದಿಂದ ಬರುತ್ತೆ ಅಂತ ತಿಳಿಯುತ್ತಂತೆ. ಅಂಥ ಅವಕಾಶ ಮತ್ತೆ ಎಷ್ಟೋ ವರ್ಷಕ್ಕೆ. ಅವತ್ತಾದರೂ ಒಂದು ಶುದ್ಧ ಗೆರೆ ಸಿಗದಿದ್ದರೆ ಕಂಬ ಕಿತ್ತು ಸಾಮಾನು ವಾಪಸ್ಸು ತರಿಸಿಕೊಳ್ತೀವಿ ಅಂದುಬಿಟ್ಟರು.

ಇವರು ಮುದ್ದೆ ಮುರಿಯುತ್ತಾ ಇದನ್ನ ತಾಯಿಗೆ ಹೇಳಿದರು. ಅತ್ತೆ ಕೇಳಿದ್ದು ಒಂದೇ ಮಾತು.

"ಕಿತ್ಕೊಂಡೋದ್ರೆ ಮಿಷನ್ ತಾವ ಬಂದು ಕುಂತ್ಕೋತೀಯಾ? ನನ್ಗೂ ವಯ್ಸಾಯ್ತು."

"ಕೂತ್ಕೋತೀನಿ ಅವ್ವ."

"ಮಾತು?"

"ಮಾತು."

ಇವರು ಭಾನುವಾರ ಮಿಷನ್ನಿನ ಹತ್ತಿರ ಕೂರೋದನ್ನ ನಾನು ನೋಡಿದ್ದೆ. ಹರಳೆಣ್ಣೆ ಕುಡಿದ ಮುಖ. ಜೀವಮಾನವೆಲ್ಲ ಆ ಮುಖ ನೋಡಿಕೊಂಡು ಬಾಳಬೇಕಲ್ಲಪ್ಪಾ ಅಂತ ನನಗೆ ಅವತ್ತು ಅನ್ನ ಸೇರಲಿಲ್ಲ. ಅತ್ತೆ ಮಾತಲ್ಲೂ ತಪ್ಪು ಹುಡುಕೋಕೆ ಆಗಲಿಲ್ಲ, ಅದೇ ಕಷ್ಟ. ಅವರ ಸೊಂಟ ನಿಜಕ್ಕೂ ಸೋತಿತ್ತು.

ಆದರೆ ಗ್ರಹಣ ಹತ್ತಿರ ಬಂದ ಹಾಗೆ ಶೆಡ್ಡಿನಲ್ಲಿ ಹಬ್ಬದ ಗೆಲುವು. ಯಾಕೆ ಅಂದರೆ, ಗ್ರಹಣದ ಹೊತ್ತಲ್ಲಿ ನಮ್ಮ ಕಡೆ ಒಲೆಯನ್ನೇ ಹಚ್ಚಲ್ಲ, ಇನ್ನು ಮೋಟಾರು ಹಾಕ್ತಾರಾ? ಡಾಕ್ಟ್ರು ಪಂಚಾಂಗ ಕಂಕುಳಲ್ಲಿಟ್ಟುಕೊಂಡು ಸುತ್ತಮುತ್ತ ಮನೆಮನೆಗೆ ಹೋಗಿ, ಗ್ರಹಣ ಬಿಡೋ ತನಕ ಪಂಪ್‌ಸೆಟ್ಟು ಹಾಕಬೇಡಿ ಅಂತ ಕೇಳಿಕೊಂಡರು. ಜನ ನಕ್ಕರು. "ಗ್ರಾಣದಾಗೆ ಯಾವನ್ ಸ್ವಾಮಿ ಮೋಟ್ರು ಆಕ್ತಾನೆ? ನೀವ್ ಏಳ್ಬೇಕಾ?" ಅಂದರು. ಅತ್ತೆಯೂ ಹಾಗೇ ಅಂದರು. ಒಂದು ಕಾಸಿನ ಖರ್ಚಿಲ್ಲದೆ ನಾಲ್ಕು ಊರು ತನ್ನಷ್ಟಕ್ಕೆ ಬಾಯಿ ಮುಚ್ಚುತ್ತೆ. ಇವರು ಮನೆಗೆ ಬಂದು ನನ್ನ ಗಲ್ಲ ಹಿಡಿದು, "ಕೆಲಸ ಉಳೀತು ಕಣೇ" ಅಂದರು.

ಹಿಂದಿನ ದಿನ ಸಾಯಂಕಾಲ ದೀಪ ಹಚ್ಚುತ್ತಿದ್ದೆ. ಇವರು ಸುಮ್ಮನೆ ದೀಪ ನೋಡುತ್ತಾ ನಿಂತವರು ಇದ್ದಕ್ಕಿದ್ದ ಹಾಗೆ ನಾಲಿಗೆ ಕಚ್ಚಿಕೊಂಡರು.

"ಏನ್ರೀ?"

"ಕೆಟ್ವಿ ಕಣೇ. ಈ ಕುಡಿ ಇದೆಯಲ್ಲ, ಇದು ಇಷ್ಟೇ. ಸುತ್ತ ಬೆಳಕಿನ ಬಳೆ ನೋಡು, ಎಷ್ಟು ಅಗಲ ಇದೆ. ಸೂರ್ಯನೂ ಹಾಗೇ. ಕಣ್ಣಿಗೆ ಕಾಣೋ ಸೂರ್ಯನಿಗಿಂತ ತಂತಿಗೆ ಕಾಣೋ ಸೂರ್ಯ ದಪ್ಪ. ಪಂಚಾಂಗದಲ್ಲಿ ಗ್ರಹಣ ಬಿಟ್ಟ ಮೇಲೂ ನಮ್ಮ ತಂತಿಗೆ ಇನ್ನೊಂದಿಷ್ಟು ಹೊತ್ತು ಗ್ರಹಣ ಇರುತ್ತೆ. ಪೆನ್ನು ಪೂರ್ತಿ ಮೇಲೆ ಬಂದು ನಿಂತದ್ದು ಕಾಗದದಲ್ಲಿ ಕಾಣದಿದ್ರೆ ಹಿಂದಿನ ಗೆರೆಯೆಲ್ಲ ದಂಡ. ಜನಕ್ಕೆ ಹೇಳಿರೋದು ಗ್ರಹಣ ಬಿಡೋ ತನಕ ಅಂತ!"

ನನಗೆ ಅರ್ಥ ಆಯಿತು. ಗ್ರಹಣ ಬಿಟ್ಟ ಗಳಿಗೆಗಿಂತ ಗದ್ದಲದ ಗಳಿಗೆ ನಮ್ಮ ಕಡೆ ಇನ್ನೊಂದಿಲ್ಲ. ಉಪವಾಸ ಇದ್ದ ಊರಿಗೆ ಊರೇ ಸ್ನಾನ ಮಾಡಿ ಅಡಿಗೆಗೆ ಹಿಟ್ಟು ಬೇಕು ಅಂತ ನಮ್ಮ ಮಿಷನ್ನಿಗೆ ನುಗ್ಗುತ್ತೆ. ಅಷ್ಟು ಓದಿದ ಡಾಕ್ಟ್ರಿಗೂ, ಈ ಊರಲ್ಲೇ ಹುಟ್ಟಿದ ಇವರಿಗೂ, ಗ್ರಹಣದ ಮೌನ ಸಿಕ್ಕಿತು ಅನ್ನೋ ಖುಷಿಯಲ್ಲಿ ಅದು ಮುಗಿದ ಮೇಲಿನ ಜಾತ್ರೆ ಮರೆತೇ ಹೋಗಿತ್ತು.

"ದೂರದ ಪಂಪ್‌ಸೆಟ್ಟು ಪರವಾಗಿಲ್ಲ, ತಡಕೋಬಹುದು. ನಮ್ಮ ಮಿಷನ್ ಒಂದು ನಿಂತ್ರೆ ಸಾಕು," ಅಂದರು.

"ಹಾಗಾದ್ರೆ ಅತ್ತೆಗೆ ಹೇಳಿ."

"ನೀನೇ ಹೇಳು."

"ಚೆನ್ನಾಗಿದೆ! ನಿಮ್ಮಮ್ಮ, ನಿಮ್ಮ ಕಂಬ. ನಾನ್ಯಾಕೆ ಹೇಳ್ಲಿ?"

ಇವರು ನಾಲ್ಕು ಸಲ ಅಡಿಗೆಮನೆ ಹೊಸಲಿನವರೆಗೂ ಹೋದರು. ನಾಲ್ಕು ಸಲವೂ ನೀರು ಕುಡಿದು ವಾಪಸ್ಸು ಬಂದರು. ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಸೈಕಲ್ಲು ಹತ್ತಿ ಹೊರಟೇ ಹೋಗಿದ್ದರು, ಹೇಡಿ ಮಹರಾಯರು.

ನಾನು ಆಗ ಬಸುರಿ. ಹಿಂದಿನ ವರ್ಷ ಒಂದು ಐದು ತಿಂಗಳಿಗೇ ಹೋಗಿಬಿಟ್ಟಿತ್ತು. ಆಗ ಅತ್ತೆ ನನ್ನನ್ನ ಒಂದು ಮಾತೂ ಅನ್ನಲಿಲ್ಲ. ಮಿಷನ್ನಿಗೆ ಬೀಗ ಹಾಕಿ ನನ್ನ ತಲೆ ಹತ್ತಿರ ಬಂದು ಕೂತಿದ್ದರು. ಅದಕ್ಕೇ ಈ ಸಲ ಗ್ರಹಣ ಅಂದರೆ ಅವರಿಗೆ ನನಗಿಂತ ಹೆದರಿಕೆ. ಕಿಟಕಿಗೆ ಕಂಬಳಿ ಕಟ್ಟಿದರು, ನನ್ನನ್ನ ಕೋಣೆಯಲ್ಲಿ ಕೂರಿಸಿದರು. ಸೂಜಿ ಮುಟ್ಟಬೇಡ, ಕೂದಲು ಬಾಚಬೇಡ, ಮೈ ಕೆರೆದುಕೋಬೇಡ. ಕೆರೆಯಬೇಡ ಅಂದ ತಕ್ಷಣ ಮೂಗಿನ ತುದಿಯಿಂದ ಹಿಮ್ಮಡಿವರೆಗೂ ಕೆರೆತ ಶುರುವಾಯಿತು. ಇದೆಲ್ಲ ನಂಬುತ್ತಿದ್ದೆಯಾ ಅಂತ ಮೊಮ್ಮಗಳು ಕೇಳ್ತಾಳೆ. ಒಂದು ಕಳಕೊಂಡವಳು ಎಲ್ಲಾನೂ ನಂಬ್ತಾಳೆ ಕಣಮ್ಮ. ನಾನು ಕೆರೆದುಕೊಳ್ಳಲಿಲ್ಲ.

ಹೊರಗೆ ಅಂಗಳದಲ್ಲಿ ಹಿತ್ತಾಳೆ ತಟ್ಟೆಗೆ ಅರಿಶಿನದ ನೀರು ಹಾಕಿ ಅತ್ತೆ ಒನಕೆ ನಿಲ್ಲಿಸಿದರು. ಗ್ರಹಣ ಹಿಡಿದಾಗ ಒನಕೆ ತಾನಾಗಿ ನಿಲ್ಲುತ್ತೆ, ಬಿಟ್ಟಾಗ ಬೀಳುತ್ತೆ ಅನ್ನೋದು ನಮ್ಮ ಕಡೆ ನಂಬಿಕೆ. ಇವರು ಒಂದು ಸಲ, ತಳ ಮಟ್ಟಸ ಇದ್ದರೆ ಒನಕೆ ಯಾವ ದಿನ ಬೇಕಾದರೂ ನಿಲ್ಲುತ್ತೆ ಅವ್ವ ಅಂದು ಬೈಸಿಕೊಂಡಿದ್ದರು.

ಗ್ರಹಣ ಹಿಡಿಯಿತು. ಅಂಥ ಮೌನ ನಾನು ಆಮೇಲೆ ಕೇಳಿಲ್ಲ. ಬಾವಿ ರಾಟೆ ಇಲ್ಲ, ಒಲೆ ಊದೋ ಸದ್ದಿಲ್ಲ, ಮಿಷನ್ನಿಲ್ಲ. ದಿನಾ ಬೈದುಕೊಳ್ಳುತ್ತಿದ್ದ ಆ ಮಿಷನ್ನಿನ ಸದ್ದು ನಿಂತಾಗ ಎದೆ ಬಡಿತ ಕೇಳಿಸೋಕೆ ಶುರುವಾಯಿತು. ಕೆರೆ ಕೆಳಗೆ ಈಗ ಪೆನ್ನು ಇಳೀತಾ ಇರುತ್ತೆ ಅಂದುಕೊಂಡೆ. ದೇವರೇ, ಈ ಮನುಷ್ಯನ ಮುಖ ಬಾಡದ ಹಾಗೆ ನೋಡಿಕೋ ಅಂತ ಬೇಡಿಕೊಂಡೆ.

ಎಷ್ಟೋ ಹೊತ್ತಾದ ಮೇಲೆ ಗುಡಿ ಗಂಟೆ ಹೊಡೆಯಿತು. ಊರು ಗೊಳ್ಳಂತ ಎದ್ದಿತು. ಮಿಷನ್ನಿನ ಮುಂದೆ ಆಗಲೇ ಕುಕ್ಕೆ ಇಳಿಸೋ ಸದ್ದು. ಅತ್ತೆ ಕೋಣೆ ಬಾಗಿಲು ತಟ್ಟಿದರು.

"ಏಳಮ್ಮಿ, ಗ್ರಾಣ ಬುಡ್ತು. ನಿಂದು ನೀರಾಗ್ಲಿ, ಆಮ್ಯಾಕೆ ಸ್ವಿಚ್ಚು ಆಕ್ತೀನಿ."

ಬಸುರಿ ಮೊದಲು ಮೀಯಬೇಕು, ಆಮೇಲೆ ಮನೆಯ ಬೇರೆ ಕೆಲಸ. ಅದು ನಮ್ಮ ಮನೆ ಪದ್ಧತಿ. ಆ ಕ್ಷಣದಲ್ಲಿ ನನಗೆ ಎಲ್ಲಿಂದ ಧೈರ್ಯ ಬಂತೋ, "ಅತ್ತೆ, ಇನ್ನೂ ಬಿಟ್ಟಿಲ್ಲ" ಅಂದೆ.

"ಏನ್ ಬುಟ್ಟಿಲ್ಲ? ಗಂಟೆ ಒಡ್ದಿದ್ದು ಕೇಳ್ನಿಲ್ವಾ?"

"ಕಣ್ಣಿಗೆ ಬಿಟ್ಟಿದೆ. ತಂತಿಗೆ ಬಿಟ್ಟಿಲ್ಲ ಅತ್ತೆ." ನಾನು ಒಂದೇ ಉಸಿರಿಗೆ ಎಲ್ಲಾ ಹೇಳಿದೆ. ದೀಪದ ಕುಡಿ, ಬೆಳಕಿನ ಬಳೆ, ದಪ್ಪ ಸೂರ್ಯ, ಪೆನ್ನು ಪೂರ್ತಿ ಮೇಲೆ ಬರಬೇಕು ಅನ್ನೋದು, ಮಿಷನ್ ಹಾಕಿದರೆ ಎಲ್ಲಾ ಹೋಗುತ್ತೆ ಅನ್ನೋದು. "ಒಂದು ಮುದ್ದೆ ಬೇಯೋ ಹೊತ್ತು ಸಾಕು ಅತ್ತೆ," ಅಂದೆ.

"ಇದ್ನ ಅವ್ನು ಯಾಕೆ ಏಳ್ನಿಲ್ಲ?"

"ಹೆದರಿಕೆ."

"ಯಾರ್ನ ಕಂಡ್ರೆ?"

"ನಿಮ್ಮನ್ನ ಕಂಡ್ರೆ ಅತ್ತೆ."

ಅತ್ತೆಯ ಹೆಜ್ಜೆ ಸದ್ದು ಮಿಷನ್ ಕಡೆ ಹೋಯಿತು. ನಾನು ಕಿವಿ ಮುಚ್ಚಿಕೊಂಡೆ. ಮಗ ಕೊಟ್ಟ ಮಾತು ಅವರ ಕೈಯಲ್ಲಿತ್ತಲ್ಲ, ಒಂದು ಸ್ವಿಚ್ಚು ಒತ್ತಿದರೆ ಮಗ ಜೀವಮಾನಕ್ಕೆ ಪಕ್ಕದಲ್ಲಿ ಬಂದು ಕೂರ್ತಾನೆ. ಯಾರೂ ಅವರನ್ನ ತಪ್ಪು ಅನ್ನೋ ಹಾಗಿಲ್ಲ.

ಮೋಟಾರಿನ ಸದ್ದು ಬರಲಿಲ್ಲ. ಬಂದದ್ದು ಅತ್ತೆಯ ಗಂಟಲು.

"ಯಾವನ್ಲಾ ಅವ್ನು ಕುಕ್ಕೆ ಒಳೀಕ್ ತತ್ತಿರೋನು? ಒನಕೆ ನಿಂತೈತೆ, ಕಣ್ ಕಾಣಾಕಿಲ್ವಾ?"

"ಗಂಟೆ ಆಯ್ತಲ್ಲ ಅಮ್ಮಯ್ಯ, ಮಕ್ಳು ಅಸ್ಕೊಂಡವೆ," ಅಂತ ಯಾರೋ ಅಂದರು.

"ನಮ್ಮನೇಲಿ ಬಸ್ರಿ ಅವ್ಳೆ. ನನ್ ಸೊಸೆಗೆ ಇನ್ನೂ ಗ್ರಾಣ ಬುಟ್ಟಿಲ್ಲ. ಒನಕೆ ಬೀಳೋಗಂಟ ಈ ಮಿಷನ್ ತಿರ್ಗಾಕಿಲ್ಲ. ಅರ್ಜೆಂಟಿದ್ದೋರು ಯಲಾಂಕಕ್ಕೆ ಓಗಿ!"

ಯಲಹಂಕಕ್ಕೆ ಹೋಗಿ! ಒಬ್ಬ ಗಿರಾಕಿ ಅತ್ತ ಮುಖ ಮಾಡಿದರೂ ಊಟ ಬಿಡೋ ಹೆಂಗಸಿನ ಬಾಯಲ್ಲಿ! ನಾನು ಕಂಬಳಿ ಸಂದಿಗೆ ಕಣ್ಣಿಟ್ಟೆ. ಅತ್ತೆ ಅಂಗಳದ ನಡುವೆ ಒನಕೆ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಗಾಳಿ ಬಂದರೆ ಗಾಳಿಗೆ ಅಡ್ಡ ನಿಲ್ಲೋರು. ಒಂದು ಕೋಳಿ ಕಾಳು ಹುಡುಕುತ್ತಾ ಒನಕೆ ಹತ್ತಿರ ಬಂತು. "ಉಶ್! ಮುಂಡೇದೆ!" ಅಂತ ಊರಾಚೆವರೆಗೂ ಓಡಿಸಿ ಬಂದು ಮತ್ತೆ ನಿಂತರು. ಜನ ಗೊಣಗಿಕೊಂಡು ಕುಕ್ಕೆ ಮೇಲೆ ಕೂತರು. ಬಸುರಿ ವಿಷಯ ಅಂದ ಮೇಲೆ ಎದುರು ಮಾತಾಡೋರು ಯಾರು? ನಾನು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆನೋ ನಗುತ್ತಿದ್ದೆನೋ, ಇವತ್ತಿಗೂ ಗೊತ್ತಿಲ್ಲ.

ಮುದ್ದೆ ಬೇಯೋ ಹೊತ್ತು ಆಯಿತು. ಇನ್ನೊಂದು ಮುದ್ದೆ ಬೇಯೋ ಹೊತ್ತೂ ಆಯಿತು. ಅತ್ತೆ ಒಂದು ಸಲ ಕೆರೆ ಕಡೆ ನೋಡಿದರು, ಕಂಬದ ಕಡೆ. ಆಮೇಲೆ ಒನಕೆಗೆ ಕೈಮುಗಿದು, ಯಾರೂ ನೋಡದ ಹಾಗೆ ಕಾಲಬೆರಳಿಂದ ತಟ್ಟೆ ಅಂಚು ಅದುಮಿದರು. ಒನಕೆ ಬಿತ್ತು. "ಈಗ್ ಬುಡ್ತು ನೋಡ್ರಪ್ಪ," ಅಂದರು.

ಆ ಮಗು ಹುಟ್ಟಿತು, ಹೆಣ್ಣು, ಗಟ್ಟಿ ಗಂಟಲಿನದು, ಅಜ್ಜಿಯದೇ. ಕಂಬಗಳೂ ಇನ್ನೆಷ್ಟೋ ವರ್ಷ ಅಲ್ಲೇ ಇದ್ದವು. ಊರು ಬೆಳೆದು ಸದ್ದು ಹೆಚ್ಚಾದ ಮೇಲೆ ದೂರದ ಬಯಲಿಗೆ ಹೋದವು. ಇವರೂ ಅದರ ಹಿಂದೆಯೇ ರಿಟೈರ್ ಆಗೋ ತನಕ ಓಡಾಡಿದರು. ಮಿಷನ್ನಿಗೆ ಅತ್ತೆ ಒಬ್ಬ ಆಳು ಇಟ್ಟರು, ಅವನ ಪಕ್ಕದಲ್ಲಿ ನಾನು ಕೂತೆ. ಕೂತೇ ಇದ್ದೆ, ನನಗೆ ಅದು ಇಷ್ಟವೇ ಆಯಿತು.

ಆದರೆ ಆ ದಿನದ್ದು ಇನ್ನೂ ಮುಗಿದಿಲ್ಲ. ಸಾಯಂಕಾಲ ಇವರು ಸೈಕಲ್ಲನ್ನ ನಿಲ್ಲಿಸದೆ ಹಾಗೇ ಬಿಸಾಡಿ ಒಳಗೆ ಬಂದರು. ಕೈಯಲ್ಲಿ ಕಾಗದದ ಒಂದು ತುಂಡು. "ಗೆರೆ ಬಂತು! ಪೂರ್ತಿ ಬಂತು! ಅವ್ವಾ, ಮಿಷನ್ ಏನಾದ್ರೂ ಕೆಟ್ಟಿತ್ತಾ?"

"ನನ್ ಮಿಷನ್‌ಗೆ ಏನ್ ರೋಗ ಕೆಡಾಕೆ?"

ಇವರು ಕಾಗದವನ್ನ ಅವರ ಮುಂದೆ ಹಾಸಿದರು. ಗೆರೆ ಕೆಳಗಿಂದ ಮೆಲ್ಲಗೆ ಏರುತ್ತಾ ಬಂದು, ಮೇಲೆ ನಿಂತು, ಏನೂ ಕದಲದೆ ಉದ್ದಕ್ಕೆ ಹೋಗಿತ್ತು. ಅದರ ಕೊನೆಗೆ ಒಂದೇ ಸಲ ಮುಳ್ಳಿನ ಪೊದೆ. "ಇದು ಸೂರ್ಯ. ಈ ಪೊದೆ ನೀನು ಸ್ವಿಚ್ಚು ಹಾಕಿದ್ದು. ನಮಗೆ ಇಲ್ಲಿವರೆಗೆ ಸಿಕ್ಕಿದ್ರೆ ಸಾಕಿತ್ತು ಅವ್ವ, ಇಷ್ಟುದ್ದ ಸಿಕ್ಕಿದೆ. ಇಷ್ಟು ಗಟ್ಟಿ ಗೆರೆ ಸಿಕ್ಕ ಮೇಲೆ ಇನ್ಯಾರೂ ಇಲ್ಲ ಅನ್ನೋ ಹಾಗಿಲ್ಲ ಅಂತ ಡಾಕ್ಟ್ರು ಕುಣಿದಾಡ್ತಿದ್ರು."

ಅತ್ತೆ ಬೆರಳಿಂದ ಆ ಗೆರೆಯನ್ನ ಸವರಿದರು, ಸೇರಿನ ಮೇಲಿನ ಹಿಟ್ಟು ಸವರೋ ಹಾಗೆ.

"ನಿನ್ ಎಂಡ್ರು ಒಂದ್ ಮುದ್ದೆ ಒತ್ತು ಅಂದ್ಳು. ಅದು ಅಳತೆ. ಉಳಿದಿದ್ದು ಕೊಸ್ರು," ಅಂದರು. ಆಮೇಲೆ ಮಗನ ಮುಖ ನೋಡಿದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನ ನಾನು ಅವತ್ತೇ ಮೊದಲು ನೋಡಿದ್ದು. "ಎತ್ತಮ್ಮನ್ನ ಒಂದು ಮಾತು ಕೇಳಾಕೆ ನಿಂಗೇನ್ಲಾ ದಾಡಿ? ಕೇಳಿದ್ರೆ ನಾನು ಇಲ್ಲ ಅಂತಿದ್ನಾ?"

ಇವರು ಕೇಳಿಯೇ ಇರಲಿಲ್ಲ, ನಿಜ. ಡಾಕ್ಟ್ರು ಕೇಳಿದ್ದರು, ನಾನು ಕೇಳಿದ್ದೆ. ತಾಯಿಯ ಕಾಲ ಹತ್ತಿರ ಕೂತು, ತಲೆ ಅವರ ಮಂಡಿಗೆ ಇಟ್ಟು, ಇವರು ಚಿಕ್ಕ ಮಗುವಿನ ಹಾಗೆ ಬಿಕ್ಕಿದರು. ಅತ್ತೆ ಹಿಟ್ಟಿನ ಕೈಯಲ್ಲೇ ಬೆನ್ನು ಸವರಿದರು. ಅಂಗಿ ಬೆನ್ನೆಲ್ಲ ಬಿಳಿಯಾಯಿತು.

ಮರುದಿನ ಬೆಳಿಗ್ಗೆ ಮಿಷನ್ನಿನ ಮುಂದೆ ಎಂದಿನ ಹಾಗೆ ಸಾಲು. ಮಗ ಎಲ್ಲಿ ಅಂತ ಯಾರೋ ಕೇಳಿದರು. ನಾನು ಒಳಗೆ ಬುತ್ತಿ ಕಟ್ಟುತ್ತಾ, ತಂತಿ ಕಾಯೋ ಮಾತು ಈಗ ಬರುತ್ತೆ ಅಂತ ಕಾದೆ. ಅತ್ತೆ ಬೆಲ್ಟಿನ ಸದ್ದಿಗೂ ಮೇಲೆ ಕೇಳಿಸೋ ಹಾಗೆ ಕೂಗಿದರು.

"ಬಿರ್ರನೆ ಉಣ್ಣಾಕಿಕ್ಕಮ್ಮಿ. ನನ್ ಮಗ ಕೆಲ್ಸಕ್ಕೋಗ್ಬೇಕು."